ಮೂರು ತಿಂಗಳ ಪಾಸ್‌ಪೋರ್ಟು

ಲೀರಾ ಬಿದ್ದರೆ ಎದಿರ್ನೆಗೆ ಹಬ್ಬ.
ಬೆಳಗಿನ ಎಂಟಕ್ಕೇ ಗಡಿ ದಾಟಿ
ಬಲ್ಗೇರಿಯದ ಬಸ್ಸುಗಳು ಸಾಲುಗಟ್ಟಿ
ಶುಕ್ರವಾರದ ಸಂತೆಯ ಬಾಯಿಗೆ ಬಂದು ನಿಲ್ಲುತ್ತವೆ.
ಮೊದಲು ಖಾಲಿ ಸೂಟ್‌ಕೇಸುಗಳು ಇಳಿಯುತ್ತವೆ,
ಆಮೇಲೆ ಜನ.

ಅಂಕಾರದಲ್ಲಿ ಯಾರೋ ಬಡ್ಡಿಯ ಬಗ್ಗೆ ಭಾಷಣ ಮಾಡುತ್ತಾರೆ,
ಇಲ್ಲಿಗೆ ಇನ್ನೆರಡು ಬಸ್ಸು.
ಹಣ ಬದಲಿಸುವವನ ಗೂಡಿನ ಮೇಲೆ ಕೆಂಪು ಅಂಕಿಗಳು,
ಟೀ ಹುಡುಗ ಕೂಡ ಅದನ್ನು ನೋಡಿಯೇ
ಎಷ್ಟು ಲೋಟ ತೊಳೆಯಬೇಕೆಂದು ಲೆಕ್ಕ ಹಾಕುತ್ತಾನೆ.
ನಾನೂ ಅಷ್ಟೆ. ನಮಾಜಿಗೆ ಮುಂಚೆ ಒಮ್ಮೆ,
ಮುಗಿಸಿ ಚಾಪೆ ಮಡಿಸುವ ಮೊದಲೇ ಇನ್ನೊಮ್ಮೆ
ಫೋನಿನಲ್ಲಿ ದರ ನೋಡುತ್ತೇನೆ.
ಬಿದ್ದಿರಲಿ ಎಂದು ಬೇಡುವುದೋ, ಏಳಲಿ ಎಂದೋ?
ನನ್ನ ಸೋಪು ಹೋಗಬೇಕು, ನನ್ನ ಬೆಣ್ಣೆಯೂ ಬರಬೇಕು.
ದೇವರಿಗೂ ಗೊಂದಲ.

ಸೇಬು, ಪೀಚು, ದ್ರಾಕ್ಷಿಗೊಂಚಲು,
ಎಲ್ಲ ಸೋಪೇ.
ಮಗುವೊಂದು ಕಚ್ಚಿ ಅತ್ತರೆ ತಾಯಿ ನಗುತ್ತಾಳೆ,
ಮತ್ತೆರಡು ಕೊಳ್ಳುತ್ತಾಳೆ.
ಅವರ ಭಾಷೆಯಲ್ಲೇ ಬೆಲೆ ಹೇಳುತ್ತೇನೆ.
"ಅಯ್ಯೋ, ಎಷ್ಟು ಚೆನ್ನಾಗಿ ಮಾತಾಡ್ತೀರಿ, ಎಲ್ಲಿ ಕಲಿತಿರಿ?"
"ಇಲ್ಲೇ, ಸಂತೇಲೇ."
ಬೋಣಿಯ ಹೊತ್ತಿಗೆ ಹಳೆಯದನ್ನೆಲ್ಲ ತೂಕಕ್ಕೆ ಹಾಕಿದರೆ
ತಕ್ಕಡಿ ಮೇಲೇಳುವುದಿಲ್ಲ.

ಹುಟ್ಟಿದ್ದು ಅಲ್ಲಿ, ಕರ್ಜಲಿಯ ಕಡೆ, ತಂಬಾಕಿನ ಗುಡ್ಡದಲ್ಲಿ.
ನೆಫಿಸೆ ಎಂದು ಕರೆಯುತ್ತಿದ್ದರು.
ಹತ್ತು ತುಂಬಿದ ಚಳಿಗಾಲ
ಶಾಲೆಯ ಹಾಜರಿ ಪುಸ್ತಕದಲ್ಲಿ ನೆವೆನಾ ಆದೆ.
ಚೆಂಡುಹೂವಿನ ಹೆಸರು. ಕೆಟ್ಟದ್ದೇನಲ್ಲ, ನನ್ನದಲ್ಲ.
ಮೇಷ್ಟ್ರು ಕೂಗಿದಾಗ ಯಾರೂ ಓಗೊಡಲಿಲ್ಲ,
ಇಡೀ ತರಗತಿ ಯಾರ ಯಾರದೋ ಹೆಸರು ಹೊತ್ತು ಕೂತಿತ್ತು.

ಎಂಬತ್ತೊಂಬತ್ತರ ಜೂನಿನಲ್ಲಿ
ಪೊಲೀಸಿನವನು ಪಾಸ್‌ಪೋರ್ಟು ಕೊಟ್ಟ.
ನಾವು ಪ್ರವಾಸಿಗರಂತೆ. ಮೂರು ತಿಂಗಳಂತೆ.
ದೊಡ್ಡ ಪ್ರವಾಸ ಎಂದೇ ಅದಕ್ಕೆ ಹೆಸರು ಬಿತ್ತು.
ಅಪ್ಪನ ಮಾಸ್ಕ್ವಿಚ್ ಕಾರಿನ ನೆತ್ತಿಯ ಮೇಲೆ
ಹಾಸಿಗೆ, ಹೊಲಿಗೆ ಯಂತ್ರ, ಬಾಗಿಲಿಲ್ಲದ ಫ್ರಿಜ್ಜು;
ಅಜ್ಜಿಯ ಮಡಿಲಲ್ಲಿ ಟೊಮೆಟೊ ಸಸಿಯ ಡಬ್ಬ.
ಹಾಲು ಕೊಡುವ ಹಸುವಿಗೆ ಬಂದದ್ದು ಒಂದು ರೇಡಿಯೊ.
ಊರಿಗೆ ಊರೇ ಮಾರಲು ನಿಂತಾಗ ಕೊಳ್ಳುವವನೇ ದೊರೆ.
ಗಡಿಯಲ್ಲಿ ಎರಡು ರಾತ್ರಿ ಸರದಿ.
ಯಾರೂ ಫೋಟೊ ತೆಗೆಸಿಕೊಳ್ಳಲಿಲ್ಲ.

ಈಗ ಹೋಗಬೇಕೆಂದರೆ ವೀಸಾ, ಬ್ಯಾಂಕಿನ ಪುಸ್ತಕ, ಫೀಸು.
ಅವರನ್ನು ಬಸ್ಸು ಹತ್ತಿಸಿ ತರುವ ಲೀರಾವೇ
ನನ್ನನ್ನು ಇಲ್ಲಿ ಕೂರಿಸಿದೆ.
ಕಾಯಿಲೆ ಬಂದು ಗಡಿ ಮುಚ್ಚಿದ ವರ್ಷ
ಸೋಪಿನ ಹಣ್ಣುಗಳೆಲ್ಲ ಒಣಗಿ ಬಿರುಕುಬಿಟ್ಟವು.
ಮಗ ತುರ್ಗುತ್ ಹೇಳಿದ: ಬೇರೆ ಕೆಲಸ ನೋಡಮ್ಮ.
ನೋಡಲಿಲ್ಲ.

ಇವತ್ತು ಒಬ್ಬ ಮುದುಕಿ. ಕರ್ಜಲಿಯವಳಂತೆ.
ಕಾಲುನೋವು; ಸ್ಟೂಲು ಕೊಟ್ಟೆ, ಟೀ ತರಿಸಿದೆ.
ಸೋಪು ಮೂಸುತ್ತ, ಮೊಮ್ಮಗಳಿಗೆಂದು ಆರಿಸುತ್ತ ಹೇಳಿದಳು:
ಊರ ಹೊರಗೆ ಮನೆ, ಅಂಗಳದಲ್ಲಿ ಹಿಪ್ಪುನೇರಳೆ ಮರ,
ಹಣ್ಣು ಬಿದ್ದು ಮೆಟ್ಟಿಲೆಲ್ಲ ಕಲೆ, ಎಷ್ಟು ಉಜ್ಜಿದರೂ ಹೋಗದು.
ಆ ಬೇಸಗೆಯಲ್ಲಿ ತಗೊಂಡದ್ದು ನೋಡಿ,
ಎಲ್ಲ ಹೋಗುತ್ತಿದ್ದರಲ್ಲ,
ತುಂಬ ಅಗ್ಗಕ್ಕೆ ಸಿಕ್ಕಿತು.

ಯಾವ ಊರು ಎಂದು ನಾನು ಕೇಳಲಿಲ್ಲ.
ಆ ಕಡೆ ಹಿಪ್ಪುನೇರಳೆ ಎಲ್ಲರ ಅಂಗಳದಲ್ಲೂ ಇರುತ್ತದೆ.
ಆರು ಸೋಪು ಕಾಗದದಲ್ಲಿ ಸುತ್ತಿದೆ.
"ಇನ್ನೊಂದೈದು ಲೀರಾ ಬಿಡಮ್ಮ" ಅಂದಳು ನಗುತ್ತ.
ಎಲ್ಲರಿಗೂ ಬಿಡುತ್ತೇನೆ. ಬಿಡಲೆಂದೇ ಐದು ಏರಿಸಿ ಹೇಳಿರುತ್ತೇನೆ.
"ಆಗಲ್ಲ" ಅಂದೆ.
ಅವಳು ನನ್ನ ಮುಖ ನೋಡಿದಳು, ಚೀಲ ತಡಕಿದಳು,
ಎಣಿಸಿ ಕೊಟ್ಟಳು.